ಸೋದರತ್ತೆಯ ಬೆನ್ನು

ಕಮಠಾಣದ ಸುತ್ತಮುತ್ತ ಇರುವ ಎಮ್ಮೆಗಳಲ್ಲಿ ಬಹಳಷ್ಟು ನನ್ನ ಕೈಯಿಂದಲೇ ಬಸುರಾದವು. ಈ ಮಾತನ್ನು ನಾನು ನಾಲ್ಕು ಜನರ ಎದುರು ಹೆಮ್ಮೆಯಿಂದ ಹೇಳಿಕೊಂಡರೆ ನನ್ನ ಗಂಡ ತಲೆ ತಗ್ಗಿಸಿ ನಗುತ್ತಾನೆ, ನನ್ನ ಅವ್ವ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾಳೆ. ನಾನು ದನದ ದವಾಖಾನೆಯಲ್ಲಿ ಪರೀಕ್ಷಕಿ. ಡಾಕ್ಟರ್ ಅಲ್ಲ, ಆದರೆ ಆ ವ್ಯತ್ಯಾಸ ಊರವರಿಗೆ ಬೇಕಿಲ್ಲ. ಸ್ಕೂಟಿಯ ಮೇಲೆ ಹೊಗೆಯಾಡುವ ಡಬ್ಬಿ ಇಟ್ಟುಕೊಂಡು ಬರುವ ಹೆಂಗಸು ಅವರಿಗೆ ಡಾಕ್ಟರಬಾಯಿ. ಆ ಡಬ್ಬಿಯ ತಣ್ಣನೆಯ ಹೊಗೆಯೊಳಗೆ ಹೋರಿಯ ಬೀಜ, ಕೋಣದ ಬೀಜ ಇರುತ್ತದೆ. ಎಮ್ಮೆ ಬೆದೆಗೆ ಬಂದಿದೆ ಎಂದು ಫೋನ್ ಬಂದರೆ ಹೋಗುತ್ತೇನೆ, ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸ್ ಏರಿಸುತ್ತೇನೆ, ಕೆಲಸ ಮುಗಿಸಿ ಚಹಾ ಕುಡಿದು ಬರುತ್ತೇನೆ. ಹೆಣ್ಣುಮಕ್ಕಳ ಎದುರು ಆಡಬಾರದ ಮಾತು ಎಂದು ಊರವರು ಇದನ್ನು ಮರ್ಯಾದೆಯಿಂದ ‘ಇಂಜೆಕ್ಷನ್’ ಎನ್ನುತ್ತಾರೆ. ಮಾಡುವವಳೇ ಹೆಣ್ಣುಮಗಳು ಎಂಬುದು ಅವರಿಗೆ ನೆನಪಿರುವುದಿಲ್ಲ.

“ಡಾಕ್ಟರಬಾಯಿ ಕೈ ಹಾಕಿದ್ರ ಎಮ್ಮಿ ಗಬ್ಬ ನಿಂತಂಗೇ ನೋಡ್ರಿ,” ಎಂದು ಕಮಠಾಣದ ಒಬ್ಬ ಕಾಕಾ ಎಲ್ಲರಿಗೂ ಹೇಳುತ್ತ ತಿರುಗುತ್ತಾನೆ. ಅವನ ಮನೆಯ ಎಮ್ಮೆ, ಅದರ ಮಗಳು, ಮೊಮ್ಮಗಳು, ಮೂರೂ ನನ್ನ ಗಿರಾಕಿಗಳು.

ಇಂಥ ಕೈಗುಣದ ನನಗೆ ಮಕ್ಕಳಾಗಲಿಲ್ಲ. ನಗಬೇಕಾದವರು ಇಲ್ಲೇ ನಕ್ಕುಬಿಡಿ, ನಾನು ಕಾಯುತ್ತೇನೆ.

ಪ್ರಯತ್ನ ಮಾಡಲಿಲ್ಲ ಎಂದಲ್ಲ. ನನ್ನ ಗಂಡನಿಗೆ ಬೀದರಿನಲ್ಲಿ ಮೋಟಾರು ರಿಪೇರಿಯ ಅಂಗಡಿ ಇದೆ. ಸುಟ್ಟುಹೋದ ಪಂಪನ್ನೂ ಮತ್ತೆ ತಿರುಗಿಸುವ ಮನುಷ್ಯ. ಇಬ್ಬರೂ ಕೂಡಿ ಮೊದಲು ಬೀದರಿನ ಒಂದು ಆಸ್ಪತ್ರೆ, ಆಮೇಲೆ ಹೈದರಾಬಾದಿನ ಒಂದು ಆಸ್ಪತ್ರೆ ತಿರುಗಿದೆವು. ಹೈದರಾಬಾದಿನಲ್ಲಿ ನನ್ನನ್ನು ಕಾಲು ಮಡಿಸಿ ಮಲಗಿಸಿ ಡಾಕ್ಟರಮ್ಮ ಗ್ಲೌಸ್ ಹಾಕಿಕೊಳ್ಳುತ್ತಿದ್ದಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ. “ನಿಮ್ಮ ಗ್ಲೌಸ್ ಭಾಳ ಗಿಡ್ಡ ಅದಾವ್ರಿ,” ಎಂದೆ. ಆಕೆಗೆ ಕನ್ನಡ ಬರುತ್ತಿರಲಿಲ್ಲವೋ, ನಗು ಬರುತ್ತಿರಲಿಲ್ಲವೋ, ಸುಮ್ಮನೆ “ರಿಲ್ಯಾಕ್ಸ್” ಎಂದಳು. ನನ್ನ ಜನ್ಮದಲ್ಲಿ ನಾನು ಯಾವ ಎಮ್ಮೆಗೂ ರಿಲ್ಯಾಕ್ಸ್ ಆಗು ಎಂದು ಹೇಳಿದವಳಲ್ಲ. ಅವುಗಳಿಗೆ ಕನಿಷ್ಠ ಎದುರಿಗೆ ಒಂದಿಷ್ಟು ಹಿಂಡಿಯನ್ನಾದರೂ ಇಡುತ್ತಾರೆ.

ನಾನು ಎಮ್ಮೆಗೆ ಮಾಡುವುದನ್ನೇ ಕೊನೆಗೆ ಅವರು ನನಗೂ ಮಾಡಿದರು, ಕೋಣೆಯಲ್ಲಿ ಏಸಿ ಇತ್ತು ಎನ್ನುವುದಷ್ಟೇ ವ್ಯತ್ಯಾಸ. ಹಿಡಿಯಲಿಲ್ಲ. ಮತ್ತೆ ಮಾಡಿದರು, ಮತ್ತೂ ಹಿಡಿಯಲಿಲ್ಲ. ಗಂಡನದೂ ಸರಿ ಇದೆ, ನಿಮ್ಮದೂ ಸರಿ ಇದೆ, ಯಾಕೆ ಆಗುತ್ತಿಲ್ಲ ಎಂದು ಹೇಳಲಿಕ್ಕೆ ಬರುವುದಿಲ್ಲ ಎಂದರು. ಎಲ್ಲ ಸರಿ ಇದ್ದೂ ಗಬ್ಬ ನಿಲ್ಲದ ಎಮ್ಮೆಯ ಬಗ್ಗೆ ರೈತರು ಕೇಳಿದಾಗ ನಾನು ಕೊಡುತ್ತಿದ್ದ ಸಲಹೆ ಒಂದೇ: “ಮಾರಿಬಿಡ್ರಿ ಕಾಕಾ, ಮೇವು ದಂಡ.” ಆ ದಿನ ವಾಪಸು ಬರುವಾಗ ಬಸ್ಸಿನಲ್ಲಿ ಗಂಡನಿಗೆ ಅದನ್ನೇ ಹೇಳಿದೆ.

“ನನ್ನನ್ನೂ ಸಂತಿಗಿ ಹೊಡ್ಕೊಂಡು ಹೋಗ್ರಿ ಮತ್ತ.”

ಅವನು ಕಿಟಕಿಯ ಹೊರಗೆ ನೋಡುತ್ತಲೇ, “ಯಾರ್ ತಗೋತಾರ? ಒದೀತಿ ನೀ,” ಎಂದ.

ಜಹೀರಾಬಾದ್ ದಾಟುವತನಕ ನಕ್ಕೆವು. ಆಮೇಲೆ ಅವನು ನನ್ನ ಕೈ ಹಿಡಿದುಕೊಂಡ, ಬೀದರ ಬರುವತನಕ ಬಿಡಲಿಲ್ಲ. ಆವತ್ತಿನಿಂದ ನಾನು ಯಾವ ರೈತನಿಗೂ ಎಮ್ಮೆ ಮಾರು ಎಂದು ಹೇಳಿಲ್ಲ. “ಇನ್ನೊಮ್ಮಿ ನೋಡೋಣ್ರಿ,” ಎನ್ನುತ್ತೇನೆ. ಸರ್ಕಾರಿ ಬೀಜ ಸ್ವಲ್ಪ ಹಾಳಾದೀತು, ಆಗಲಿ.

ಇಷ್ಟಾದ ಮೇಲೆ ನನ್ನ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತು. ತಮ್ಮ ಅವ್ವನ ಜೊತೆ ನಮ್ಮ ತವರು ಔರಾದಿನಲ್ಲಿದ್ದಾನೆ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿಯ ತವರು ಭಾಲ್ಕಿ. ಮೊದಲ ಹೆರಿಗೆ, ಹಾಗಾಗಿ ಬಾಣಂತನವೂ ಭಾಲ್ಕಿಯಲ್ಲಿ, ತೊಟ್ಟಿಲ ಕಾರ್ಯವೂ ಭಾಲ್ಕಿಯಲ್ಲಿ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಅಪ್ಪನ ಅಕ್ಕ ಅಥವಾ ತಂಗಿ, ಅಂದರೆ ಸೋದರತ್ತೆ. ತಾಯಿಯೂ ಅಲ್ಲ, ಅಜ್ಜಿಯೂ ಅಲ್ಲ. ಅವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿವಿಯಲ್ಲಿ ‘ಕುರ್‌ರ್‌ರ್’ ಎಂದು ಹೆಸರು ಹೇಳಬೇಕು. ಹೇಳಿದ ತಕ್ಷಣ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದುತ್ತಾರೆ ಎಂದು ಕೇಳಬೇಡಿ, ಗುದ್ದುವವರಿಗೂ ಗೊತ್ತಿಲ್ಲ. ಆದರೆ ಗುದ್ದಿಸಿಕೊಂಡ ಸೋದರತ್ತೆಯರು ಆ ನೋವನ್ನು ಎಷ್ಟೋ ದಿನ ಎಲ್ಲರ ಮುಂದೆ ಹೇಳಿಕೊಂಡು ಮೆರೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ತಮ್ಮನಿಗೆ ಒಡಹುಟ್ಟಿದವಳು ನಾನೊಬ್ಬಳೇ. ತಾಯಿಯಾಗಲಿಕ್ಕೆ ಏನೇನೋ ಬೇಕು, ಸೋದರತ್ತೆಯಾಗಲಿಕ್ಕೆ ಒಬ್ಬ ತಮ್ಮ ಇದ್ದರೆ ಸಾಕು. ಇದೊಂದು ಪಟ್ಟ ನನ್ನಿಂದ ಯಾರೂ ಕಸಿಯಲಾರರು ಎಂದು ನಾನು ಸೀರೆ ಆರಿಸುತ್ತ ಕುಳಿತಿದ್ದೆ. ಹುಚ್ಚಿ!

ಅವ್ವನ ಫೋನ್ ಬಂತು.

“ಬೀಗಿತ್ತಿ ಫೋನ್ ಮಾಡಿದ್ರು,” ಎಂದಳು. ಬೀಗಿತ್ತಿ ಎಂದರೆ ತಮ್ಮನ ಅತ್ತೆ, ಭಾಲ್ಕಿಯ ಮನೆಯೊಡತಿ.

“ಏನಂದ್ರು?”

“ನಿನಗ ರಜಾ ಸಿಗಂಗಿಲ್ಲೇನೋ ಅಂತ ಕೇಳಲತ್ತಿದ್ರು.”

“ಸಿಗ್ತದಲ್ಲ.”

“ಸಿಗಂಗಿಲ್ಲ ಅಂತ ನಾ ಅಂದೀನಿ.”

ಕೈಯಲ್ಲಿದ್ದ ಸೀರೆಯನ್ನು ಬದಿಗಿಟ್ಟೆ. ಆಮೇಲೆ ಅವ್ವನೇ ಸುರು ಮಾಡಿದಳು. “ನಿಮ್ಮ ಕಾಕನ ಮಗಳೂ ತಮ್ಮಗ ಅಕ್ಕನೇ ಆಗ್ತಾಳಿಲ್ಲೋ? ಎರಡು ಮಕ್ಕಳ ತಾಯಿ. ಆಕಿನೇ ಹೆಸರು ಇಡ್ಲಿ ಅಂತಾರ ಅವ್ರು. ಮೊದಲ್ನೇ ಕೂಸು ನೋಡು, ಅವ್ರಿಗಿ ಅಂಜಿಕಿ. ನೀನೇ ಬರಂಗಿಲ್ಲ ಅಂದುಬಿಟ್ರ ನಿನ್ನ ಮರ್ಯಾದಿ ಉಳೀತದ. ಬೀಗರ ಮನ್ಯಾಗ ಮಾತು ಬ್ಯಾಡ.”

“ಮಕ್ಕಳಿಲ್ದಾಕಿ ಕೂಸು ಮುಟ್ಟಿದ್ರ ಕೂಸು ಕರಗ್ತದೇನಬೇ?”

“ನಾ ಹಂಗ ಅಂದೀನೇನು?”

“ನೀ ಅಂದಿಲ್ಲ, ಖರೇ. ನೀ ಬರೇ ರಜಾ ಸಿಗಂಗಿಲ್ಲ ಅಂದೀದಿ. ನಾ ಬರ್ತೇನಿ,” ಎಂದು ಫೋನ್ ಇಟ್ಟೆ. ಬೀಗಿತ್ತಿಯ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ, ಆಕೆ ಹೊರಗಿನವಳು. ಅವ್ವ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆವತ್ತು ಮನ್ನಳ್ಳಿಯಲ್ಲಿ ಒಂದು ಹಸು ನನ್ನ ಕಾಲು ತುಳಿಯಿತು, ಅದಕ್ಕೂ ನನ್ನ ಅವ್ವನೇ ಕಾರಣ ಎನ್ನಿಸಿತು.

ತೊಟ್ಟಿಲ ದಿನ ಗಂಡನ ಜೊತೆ ಭಾಲ್ಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧ ಮಾಡಿಕೊಂಡೆ. ಎಂಥ ಭಾಷಣ ಅಂತೀರಿ! ಶರಣರು ಓಡಾಡಿದ ನೆಲ, ಗೋಡೆಗೆ ಬಸವಣ್ಣನ ಫೋಟೋ, ಅದರ ಕೆಳಗೇ ಇಂಥ ಭೇದವೇ, ಎಂದೆಲ್ಲ ಅದರಲ್ಲಿತ್ತು. ನಡುವೆ ಒಂದು ಕಡೆ ಗಂಟಲು ಗದ್ಗದವಾಗುವ ಜಾಗವನ್ನೂ ಗುರುತು ಮಾಡಿಟ್ಟುಕೊಂಡಿದ್ದೆ. ಗಂಡನಿಗೆ ಮೆಲ್ಲಗೆ ಹೇಳಿ ತೋರಿಸಿದೆ. ಅವನು ಪೂರ್ತಿ ಕೇಳಿ, “ಊಟ ಆದ ಮ್ಯಾಲ ಮಾತಾಡು, ಮೊದಲೇ ಮಾತಾಡಿದ್ರ ನನಗೂ ಊಟ ಸಿಗಂಗಿಲ್ಲ,” ಎಂದ.

ಬಾಗಿಲಲ್ಲೇ ಬೀಗಿತ್ತಿಯ ಅತ್ತೆ ಕುಳಿತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ, ಮನೆಯವರೆಲ್ಲ ಆಯಿ ಎನ್ನುತ್ತಾರೆ. ನನ್ನನ್ನು ನೋಡಿದವಳೇ ಎಲ್ಲ ಸೋದರತ್ತೆಯರಿಗೂ ಆಡುವ ಮಾತನ್ನು ನನಗೂ ಆಡಿದಳು.

“ಬಂದ್ಯಾ ಸೋದರತ್ತಿ? ನಿನ್ನ ಮಗಗ ಹೇಂತಿ ಹುಟ್ಟ್ಯಾಳ ನೋಡು!”

ಪಡಸಾಲೆಯಲ್ಲಿ ಗುಗ್ಗರಿ ಹಂಚುತ್ತಿದ್ದ ಹೆಂಗಸರ ಕೈಗಳು ನಿಂತವು. ಒಬ್ಬಾಕೆ ಮುದುಕಿಯ ತೋಳು ಚಿವುಟಿದಳು. ನನ್ನ ಅವ್ವ ಒಳಗಿನಿಂದ ಇಣುಕಿ ಮುಖ ಹಿಂದಕ್ಕೆ ಎಳೆದುಕೊಂಡಳು.

“ಮಗ ಇನ್ನಾ ಬಂದಿಲ್ರಿ ಆಯಿ,” ಎಂದೆ. “ಬಸ್ಸು ಲೇಟದ.”

“ಬರ್ಲಿ ಬರ್ಲಿ, ಹುಡುಗಿ ಎಲ್ಲಿ ಓಡಿ ಹೋಗ್ತಾಳ,” ಎಂದಳು ಮುದುಕಿ ನಿಶ್ಚಿಂತೆಯಿಂದ. ಆ ಮನೆಯಲ್ಲಿ ನನ್ನನ್ನು ಎಲ್ಲರಂತೆ ಕಂಡವಳು ಅವಳೊಬ್ಬಳೇ. ಮರೆವಿನಿಂದಲೋ ಬೇಕೆಂದೋ ನನಗೆ ಈಗಲೂ ಗೊತ್ತಿಲ್ಲ.

ಬೀಗಿತ್ತಿ ಓಡಿಬಂದಳು. ಕೆಟ್ಟ ಹೆಂಗಸಲ್ಲ, ಹೇಳಿಬಿಡುತ್ತೇನೆ. ಬೆಲ್ಲ ನೀರು ಕೊಟ್ಟಳು, ಫ್ಯಾನಿನ ಕೆಳಗೆ ಕೂಡಿಸಿದಳು, ನನ್ನ ಸೀರೆ ಹೊಗಳಿದಳು. ಆಮೇಲೆ ದನಿ ತಗ್ಗಿಸಿ, “ಹ್ಯಾಂಗೂ ಬಂದೀರಿ, ಜರಾ ನಮ್ಮ ಎಮ್ಮಿ ನೋಡ್ತೀರೇನ್ರಿ? ಗಬ್ಬ ನಿಂತದೋ ಇಲ್ಲೋ ತಿಳೀವಲ್ದು,” ಎಂದಳು. ನನ್ನ ಪರ್ಸಿನಲ್ಲಿ ಸದಾ ಒಂದು ಗ್ಲೌಸ್ ಇರುತ್ತದೆ. ಬೇರೆ ಹೆಂಗಸರು ಕನ್ನಡಿ ಇಡುವ ಜಾಗದಲ್ಲಿ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಹೋದೆ. ಹೊಗಳಿಕೆಗೆ ನಾನು ಯಾವತ್ತೂ ಸೋಲುವವಳೇ.

ಕೈ ಹಾಕಿ ನೋಡಿದೆ. ನಿಂತಿತ್ತು. ಬೆರಳ ತುದಿಗೆ ತಾಗಿ ಜಾರುವ ಆ ಸಣ್ಣ ಗಂಟು ಎಷ್ಟು ಸಲ ಸಿಕ್ಕರೂ ನನಗೆ ಒಂದು ಗಳಿಗೆ ಖುಷಿಯಾಗುತ್ತದೆ, ಮರುಗಳಿಗೆಗೆ ಎಮ್ಮೆಯ ಮೇಲೆ ಹೊಟ್ಟೆಕಿಚ್ಚಾಗುತ್ತದೆ. “ಪೇಡಾ ಹಂಚ್ರಿ, ಗಬ್ಬ ಅದ,” ಎಂದೆ. ಬೀಗಿತ್ತಿ ಎಮ್ಮೆಯ ಬೆನ್ನು ಸವರಿ, “ನಿಮ್ಮ ಕೈಗುಣ ಭಾಳ ಚಲೋ ಬಿಡ್ರಿ,” ಎಂದಳು. ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇಕೇ? ನನ್ನ ಕೈ ಎಮ್ಮೆಗೆ ನಡೆಯುತ್ತದೆ, ಕೂಸಿಗೆ ಯಾಕೆ ನಡೆಯುವುದಿಲ್ಲ ಎಂದು ಕೇಳಬಹುದಿತ್ತು. ಕೇಳಲಿಲ್ಲ. “ಸಾಬೂನು ಎಲ್ಲದರಿ?” ಎಂದು ಕೇಳಿದೆ.

ಕೈ ತೊಳೆದು ಒಳಗೆ ಬರುವಷ್ಟರಲ್ಲಿ ತೊಟ್ಟಿಲಿನ ಬಳಿ ಎಲ್ಲ ಸಿದ್ಧವಾಗಿತ್ತು. ಚಾಪೆಯ ಮೇಲೆ ಕಾಕನ ಮಗಳು ಕೂಸನ್ನು ಎತ್ತಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಅವಳ ಮುಖ ಸಣ್ಣದಾಯಿತು. “ಅಕ್ಕಾ, ನಾ ಬ್ಯಾಡ ಅಂದೀನಿ ನೋಡು,” ಎಂದಳು. ತಮ್ಮ ಹೊರಗೆ ನನ್ನ ಗಂಡನಿಗೆ ಗೊಬ್ಬರದ ರೇಟು ಹೇಳುತ್ತಿದ್ದ. ಇಂಥ ಹೊತ್ತಿನಲ್ಲಿ ಗಂಡಸರಿಗೆ ಗೊಬ್ಬರದ ರೇಟು ಹೇಗೆ ನೆನಪಾಗುತ್ತದೋ.

ಆಗ ಬೀಗಿತ್ತಿ ನನಗೊಂದು ಪಾಲು ಕೊಟ್ಟಳು. ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಒಳಕಲ್ಲಿನ ಗುಂಡುಕಲ್ಲಿಗೆ ತಲೆ ಮುಚ್ಚುವ ಕುಂಚಿಗೆ ತೊಡಿಸಿ, ಬಟ್ಟೆ ಸುತ್ತಿ, ಕೂಸಿನಂತೆ ತೊಟ್ಟಿಲ ಕೆಳಗಿನಿಂದ ಮೇಲಿನಿಂದ ಹೆಂಗಸರು ಕೈ ಬದಲಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಆ ಕಲ್ಲನ್ನು ತಂದು ಬೀಗಿತ್ತಿ ನನ್ನ ಮಡಿಲಲ್ಲಿಟ್ಟಳು. “ಇದು ನೀವು ಹಿಡೀರಿ ಅಕ್ಕಾರು. ಮಕ್ಕಳಿಲ್ದವ್ರ ಉಡ್ಯಾಗ ಇಟ್ರ ಚಲೋ ಆಗ್ತದಂತ,” ಎಂದಳು. ಮನಸ್ಸಿನಲ್ಲಿ ವಿಷ ಇರಲಿಲ್ಲ. ನಿಜವಾಗಿಯೂ ನನಗೆ ಒಳ್ಳೆಯದಾಗಲಿ ಎಂದೇ ಕೊಟ್ಟಳು. ಅದಕ್ಕೇ ಇನ್ನಷ್ಟು ಚುಚ್ಚಿತು.

ಕಾಕನ ಮಗಳ ಮಡಿಲಲ್ಲಿ ನನ್ನ ಸೊಸೆ, ನನ್ನ ಮಡಿಲಲ್ಲಿ ಕಲ್ಲು. ಹಸಿರು ಕುಂಚಿಗೆ, ಹಣೆಯ ಜಾಗದಲ್ಲಿ ಕಾಡಿಗೆಯ ಬೊಟ್ಟು, ಮೈಯೆಲ್ಲ ಬೆಳ್ಳುಳ್ಳಿ ಖಾರದ ವಾಸನೆ. ಸುತ್ತ ನಿಂತವರೆಲ್ಲ ನನ್ನನ್ನು ಅಯ್ಯೋ ಪಾಪ ಎಂದು ನೋಡುತ್ತಿದ್ದರು. ಅಳುವುದೊಂದು ಬಾಕಿ ಇತ್ತು. ನನಗೆ ಅಳು ಬರುವ ಮೊದಲು ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಮಂಗಾಟ ಬರುತ್ತದೆ. ಬಸ್ಸಿನಲ್ಲಿ ಸಿದ್ಧಮಾಡಿದ ಭಾಷಣದ ಒಂದು ಅಕ್ಷರವೂ ನೆನಪಾಗಲಿಲ್ಲ. ಕಲ್ಲನ್ನು ಎದೆಗವಚಿಕೊಂಡೆ, ಬಗ್ಗಿ, ಅದರ ಕಿವಿ ಇರಬಹುದಾದ ಕಡೆ ಬಾಯಿ ಇಟ್ಟು, “ಕುರ್‌ರ್‌ರ್!” ಎಂದೆ. ಎಂದವಳೇ ಎಲ್ಲರಿಗೂ ಕೇಳುವಂತೆ ಬೀಗಿತ್ತಿಯ ಹೆಸರನ್ನೇ ಆ ಕಲ್ಲಿಗೆ ಇಟ್ಟುಬಿಟ್ಟೆ.

ನನ್ನ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇನ್ನು ಔರಾದಿಗೂ ಭಾಲ್ಕಿಗೂ ಹುಕ್ಕಾಪಾನಿ ಬಂದ್, ಹೋಗಿಬರುವುದೇ ಮುಗಿಯಿತು ಎಂದುಕೊಂಡೆ.

ಮೊದಲು ನಕ್ಕವಳು ಆಯಿ. ನಗುತ್ತ ನಗುತ್ತ ಕೆಮ್ಮಿದಳು. “ಚಲೋ ಇಟ್ಟ್ಯಾ! ನನ್ನ ಸೊಸಿಗಿ ಕಲ್ಲಂತ ಇಷ್ಟು ವರ್ಷ ನಾ ಅನಬೇಕಂದಿದ್ದೆ, ನೀ ಅಂದಿ!” ಹೆಂಗಸರು ಒಬ್ಬೊಬ್ಬರಾಗಿ ನಗಲಿಕ್ಕೆ ಹತ್ತಿದರು. ಬೀಗಿತ್ತಿ ಮುಖ ಊದಿಸಿಕೊಳ್ಳಲಿಕ್ಕೆ ನೋಡಿದಳು, ಆಗಲಿಲ್ಲ, ಅವಳೂ ನಕ್ಕಳು. ಕಲ್ಲು ಕೈ ಬದಲಾಯಿತು, ತೊಟ್ಟಿಲಿನ ಸುತ್ತ ಹೋಯಿತು, ಬದಿಗೆ ಮಲಗಿತು. ಕಾಕನ ಮಗಳು ಕೂಸಿನ ಕಿವಿಯತ್ತ ಬಗ್ಗಿದಳು.

“ಏ ಏ, ನಿಲ್ಲು!” ಆಯಿ ಕೋಲು ನೆಲಕ್ಕೆ ಕುಟ್ಟಿದಳು. “ಈ ತೊಟ್ಲದ ಮೊದಲ್ನೇ ಕುರ್ರ್ ಆಕಿ ಬಾಯಾಗಿಂದ ಬಿದ್ದದ. ಇನ್ನ ಬಾಯಿ ಬದಲ್ ಮಾಡ್ಲಾಕ ಬರ್ತದೇನು? ಕೂಸು ಕಿವುಡಾಗ್ತದ!”

ಒಂದು ತೊಟ್ಟಿಲಿಗೆ ಒಂದೇ ಬಾಯಿ ಎಂಬ ಈ ಕಟ್ಟಳೆ ನಾನಂತೂ ಕೇಳಿರಲಿಲ್ಲ. ಆದರೆ ಅಲ್ಲಿದ್ದ ನಾಲ್ಕಾರು ಹಿರಿಯ ಹೆಂಗಸರು, “ಹೌದು ಮತ್ತ, ಹೌದು,” ಎಂದು ತಲೆ ಆಡಿಸಿದರು. ನಾನು ವಿಜ್ಞಾನ ಓದಿದವಳು, ಸರ್ಕಾರದ ಸಂಬಳ ತಿನ್ನುವವಳು. ಮೂಢನಂಬಿಕೆ ಎಂದು ಎದ್ದು ನಿಲ್ಲಬೇಕಾಗಿತ್ತು. ನಿಲ್ಲಲಿಲ್ಲ. ನನ್ನ ಕಡೆಗಿರುವ ಮೂಢನಂಬಿಕೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು, ಎರಡೂ ಕೈಯಿಂದ ಹಿಡಿದುಕೊಂಡೆ. “ಹೌದಂತ್ರಿ, ನಮ್ಮ ಔರಾದದಾಗೂ ಹಂಗೇ ಅಂತಾರ,” ಎಂದು ಒಂದು ಸುಳ್ಳನ್ನೂ ಸೇರಿಸಿದೆ.

ಬೀಗಿತ್ತಿಗೆ ಈಗ ಎರಡು ಅಂಜಿಕೆ. ಬಂಜೆಯ ಬಾಯಿ ಒಂದು ಕಡೆ, ಕಿವುಡು ಇನ್ನೊಂದು ಕಡೆ. ಅವಳು ಮಗಳ ಮುಖ ನೋಡಿದಳು. ಬಾಣಂತಿ, ನನ್ನ ತಮ್ಮನ ಹೆಂಡತಿ, ಅಲ್ಲಿಯವರೆಗೆ ಕಿವಿಗೆ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದಳು. ಎದ್ದು ಬಂದಳು. ಕಾಕನ ಮಗಳ ತೊಡೆಯಿಂದ ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

“ಕಲ್ಲಿಗಿ ಅಂದಂಗ ಜೋರ್ ಅನಬ್ಯಾಡ್ರಿ ಅಕ್ಕಾರು. ಈಗ ಮಲಗ್ಯಾಳ,” ಎಂದಳು.

ಎಷ್ಟೋ ಕರುಗಳನ್ನು ಕಾಲು ಹಿಡಿದು ಎಳೆದು ಈ ಲೋಕಕ್ಕೆ ತಂದ ಕೈ ಇದು. ಆ ಹೊತ್ತು ಕೂಸನ್ನು ಎಲ್ಲಿ ಹಿಡಿಯಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕೂಸಿನ ತಲೆಗೆ ಲೋಬಾನದ ಹೊಗೆಯ ವಾಸನೆ. ಬಗ್ಗಿದೆ. ಕುರ್ರ್ ಎಂದೆ, ಗಾಳಿಯೇ ಹೊರಡಲಿಲ್ಲ. ಮತ್ತೊಮ್ಮೆ ಎಂದೆ. ಅಪ್ಪ ಅಮ್ಮ ಆರಿಸಿದ್ದ ಹೆಸರನ್ನು ಆ ಪುಟ್ಟ ಕಿವಿಯಲ್ಲಿ ಹೇಳಿದೆ. ಅವಳು ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು. ಸಿಟ್ಟಿನವಳು, ನಮ್ಮ ಕಡೆಯವಳೇ.

ಬಗ್ಗಿಯೇ ಇದ್ದೆ, ಗುದ್ದು ಬೀಳಲಿ ಎಂದು. ಬೀಳಲಿಲ್ಲ. ಒಂದು ಕೈ ಬಂದು ಬೆನ್ನು ಮುಟ್ಟಿ ಹೋಯಿತು. ಇನ್ನೊಂದು ಬಂದು ಸವರಿತು. ಯಾರೋ ಬೆರಳ ತುದಿಯಿಂದ ತಟ್ಟಿದರು, ಕಾದ ಹಂಚು ಮುಟ್ಟಿ ನೋಡಿದಂತೆ. ಪಾಪ, ಮೊದಲೇ ನೊಂದವಳು, ಇವಳಿಗೆ ಹ್ಯಾಗೆ ಹೊಡೆಯುವುದು ಎಂದು ಎಲ್ಲರಿಗೂ ಕನಿಕರ. ಹೆಸರಿಡಲಿಕ್ಕೆ ಬಿಟ್ಟರು, ಆದರೆ ಸೋದರತ್ತೆ ಆಗಲಿಕ್ಕೆ ಬಿಡಲಿಲ್ಲ. ಕಲ್ಲು ಕೊಟ್ಟಾಗಲೂ ಅಷ್ಟು ನೋವಾಗಿರಲಿಲ್ಲ. ಮುಖ ಮೇಲೆತ್ತಲಿಕ್ಕೆ ಆಗದೆ ಕೂಸಿನ ಕುಂಚಿಗೆಯಲ್ಲೇ ಮುಚ್ಚಿಕೊಂಡೆ. ಮಂಗಾಟ ಕೂಡ ನೆರವಿಗೆ ಬರಲಿಲ್ಲ.

ಆಗ ದಡ್ಡೆಂದು ಬಿತ್ತು, ನಡುಬೆನ್ನಿಗೆ. ಉಸಿರೇ ನಿಂತುಹೋಯಿತು. ಜೋಳದ ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಕೈ. ಚಿಕ್ಕಂದಿನಲ್ಲಿ ಬೇಕಾದಷ್ಟು ತಿಂದಿದ್ದೆ, ಮರೆಯಲಿಕ್ಕೆ ಹೇಗೆ ಸಾಧ್ಯ? ನನ್ನ ಅವ್ವ.

“ಏನ್ ಸವರ್ಲತ್ತೀರಿ?” ಅವ್ವ ಬೀಗರ ಮನೆ ಎಂಬುದನ್ನೂ ಮರೆತು ಒದರುತ್ತಿದ್ದಳು. “ನನ್ನ ಮಗಳೇನು ಗಾಜಿನ ಬಳಿ ಏನ್ರಿ? ಸೋದರತ್ತಿ ಅದಾಳ! ಹೊಡೀರಿ!” ಎನ್ನುತ್ತ ಇನ್ನೊಂದು ಬಿಟ್ಟಳು.

ಆಮೇಲೆ ಮಳೆ. ಯಾರ್ಯಾರೋ, ಎಷ್ಟೆಷ್ಟೋ. ಕಾಕನ ಮಗಳು ತನ್ನ ಸಂಕಟವನ್ನೆಲ್ಲ ನನ್ನ ಬೆನ್ನಿನ ಮೇಲೇ ತೀರಿಸಿಕೊಂಡಳು. ಆಯಿ ಕೋಲಿನಿಂದ ಒಂದು ಮುಟ್ಟಿಸಿದಳು. ಬೀಗಿತ್ತಿ ಮಾತ್ರ ಬಳೆ ಹಿಂದಕ್ಕೆ ಸರಿಸಿಕೊಂಡು, “ಕಲ್ಲಿಗಿ ನನ್ನ ಹೆಸರು ಇಡ್ತೀರಿ? ತಗೋರಿ!” ಎಂದು ಗುದ್ದಿದ್ದು ಇಂದಿಗೂ ಮಳೆಗಾಲದಲ್ಲಿ ಚುಚ್ಚುತ್ತದೆ. ನಾನು ಕೂಸನ್ನು ಅವಚಿಕೊಂಡು ಗೋಳೋ ಎಂದು ಅತ್ತೆ. ನೋವಿಗೆ ಅತ್ತಳು ಎಂದು ಎಲ್ಲರೂ ತಿಳಿದುಕೊಂಡರು. ಅವ್ವನಿಗೆ ಮಾತ್ರ ಗೊತ್ತಿತ್ತು; ಅವಳೂ ಅಳುತ್ತಿದ್ದಳು, ಅವಳಿಗಂತೂ ಯಾರೂ ಹೊಡೆದಿರಲಿಲ್ಲ.

ಬೀದರಿಗೆ ಬಂದ ಮೇಲೆ ಗಂಡ ಬೆನ್ನಿಗೆ ಮುಲಾಮು ಹಚ್ಚಿದ. “ಭಾಷಣ ಮಾಡಿದಿ?” ಎಂದು ಕೇಳಿದ. “ಕಲ್ಲಿಗಿ ಮಾಡೀನಿ,” ಎಂದೆ.

ರಜೆ ಮುಗಿಸಿ ಕಮಠಾಣಕ್ಕೆ ಹೋದಾಗ ಸ್ಕೂಟಿಯಿಂದ ಇಳಿಯಲಿಕ್ಕೆ ಆಗದೆ ಅಯ್ಯವ್ವಾ ಎಂದೆ. ಮೂರು ತಲೆಮಾರಿನ ಎಮ್ಮೆಗಳ ಮಾಲೀಕ ಕಾಕಾ ಗಾಬರಿಯಾಗಿ ಓಡಿಬಂದ.

“ಏನಾಯ್ತ್ರಿ ಡಾಕ್ಟರಬಾಯಿ? ಎಮ್ಮಿ ಒದೀತೇನ್ರಿ?”

“ಇಲ್ಲ ಕಾಕಾ. ತಮ್ಮನ ಮಗಳಿಗಿ ಹೆಸರು ಇಟ್ಟು ಬಂದೀನಿ.”

ಕಾಕಾನ ಮುಖ ಅರಳಿತು. “ಹೋ ಹೋ! ಭಾಳ ಮಂದಿ ಹೊಡದ್ರೇನ್ರಿ?”

ನಾನು ಡಬ್ಬಿ ಇಳಿಸಿ, ನೆಟ್ಟಗೆ ನಿಲ್ಲಲಿಕ್ಕೆ ನೋಡಿದೆ, ಆಗಲಿಲ್ಲ.

“ಎಲ್ಲಾರೂ ಹೊಡದ್ರು ಕಾಕಾ,” ಎಂದೆ. “ಒಬ್ರೂ ಬಿಡ್ಲಿಲ್ಲ.”